ಗಫಾರ್ ಸಾಹೇಬರ ಎತ್ತರದ ಸಾಲುಗಳು

ಕಂಪ್ಯೂಟರಿನ ಪರದೆಗೆ ಸ್ಟೀಲ್ ಸ್ಕೇಲು ಹಿಡಿದು ಅಳತೆ ತೆಗೆದವರನ್ನು ನನ್ನ ಜನ್ಮದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಒಂದು ಕಣ್ಣು ಮುಚ್ಚಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ಸ್ಕೇಲಿನ ಗೆರೆಗಳನ್ನು ಎಣಿಸಿದರು. ಆಮೇಲೆ ನೆಟ್ಟಗೆ ಕೂತು, ಇಡೀ ಅಂಗಡಿಗೆ ಕೇಳಿಸುವಂತೆ ಹೇಳಿದರು: "ಕಾಲಂಗುಲಾನೂ ಇಲ್ಲ ಗಿರಿಜಮ್ಮ. ಇಷ್ಟು ಸಂದಿಯಲ್ಲಿ ಕನ್ನಡ ಹೆಂಗೆ ಉಸಿರಾಡುತ್ತೆ?"

ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆಯ ಅರ್ಜಿ ತುಂಬುತ್ತಿದ್ದ ಹುಡುಗಿ ಕೆಲಸ ಬಿಟ್ಟು ಇವರನ್ನೇ ನೋಡುತ್ತಿದ್ದಳು.

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡು ನಾನು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ ಕಾಲ ಅದು. ಎರಡು ಸಾವಿರದ ಏಳು, ಎಂಟರ ಸುಮಾರು. ಗಫಾರ್ ಸಾಹೇಬರು ಭದ್ರಾವತಿಯವರು. ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದರು. ಪ್ರತಿ ಬುಧವಾರ ಮಗಳ ಮನೆಗೆ ಬಂದವರು ಊಟ ಮುಗಿಸಿ ನನ್ನಲ್ಲಿಗೆ ಬರುತ್ತಿದ್ದರು. ಬಿಳಿ ಜುಬ್ಬಾ, ಕಾಲಿಗೆ ರಬ್ಬರ್ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಅಂಗೈಯಷ್ಟಗಲದ ತೆಳು ಮರದ ಚೂರುಗಳು. ಒಂದೊಂದು ಚೂರಿನ ಮೇಲೂ ಬಡಗಿಗಳ ಚಪ್ಪಟೆ ಪೆನ್ಸಿಲಿನಲ್ಲಿ ಬರೆದ ಒಂದೊಂದು ಮಾತು. ಆ ಮಾತನ್ನು ಕಂಪ್ಯೂಟರಿಗೆ ಹಾಕಿಯಾದ ಮೇಲೆ ಚೂರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಊದಿ, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನ ಕೀಬೋರ್ಡಿನ ತುಂಬಾ ಮರದ ಹುಡಿ.

ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಪ್ಯಾಟ್ರನ್ ಮಾಡುವ ಬಡಗಿಯಾಗಿದ್ದವರು. ಕಬ್ಬಿಣ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚೊತ್ತಲು ಮರದ್ದೊಂದು ಮಾದರಿ ಬೇಕಲ್ಲ, ಅದನ್ನು ಕಡೆದು ಕೊಡುವುದು ಅವರ ಕೆಲಸ. ನಿವೃತ್ತರಾದ ಮೇಲೆ ಒಂದು ದಿನ ಹೋಟೆಲಿನಲ್ಲಿ ಯಾರಿಗೋ ಏನೋ ಹೇಳುವಾಗ ಕಾರ್ಖಾನೆಯ ಒಂದು ಮಾತು ಬಾಯಿಗೆ ಬಂತಂತೆ. ಎದುರಿಗಿದ್ದ ಹೊಸ ಹುಡುಗರಿಗೆ ಅದು ತಿಳಿಯಲಿಲ್ಲ. "ಮೂವತ್ತು ವರ್ಷ ಬಾಯಲ್ಲಿದ್ದ ಮಾತು. ಗೇಟು ದಾಟಿ ಈಚೆಗೆ ಬಂದ ಕೂಡ್ಲೆ ಯಾರಿಗೂ ಗೊತ್ತಿಲ್ಲ ಅಂದ್ರೆ ಅದು ಎಲ್ಲಿಗೆ ಹೋಯ್ತು, ಹೇಳಿ" ಎಂದು ನನ್ನನ್ನು ಕೇಳಿದ್ದರು. ನನ್ನ ಉತ್ತರಕ್ಕಾಗಿ ನಿಜವಾಗಿಯೂ ಕಾದು ಕೂತಿದ್ದರು. ಅವರ ಯಾವ ಪ್ರಶ್ನೆಯೂ ಬರೀ ಮಾತಿಗೆ ಕೇಳಿದ್ದಾಗಿರುತ್ತಿರಲಿಲ್ಲ.

ಅಂದಿನಿಂದ ಅವರು ಮಾತು ಕೂಡಿಸುವುದಕ್ಕೆ ಹೊರಟರು. ಕಾರ್ಖಾನೆಯ ಗದ್ದಲದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಬೆರೆತು ಹುಟ್ಟಿದ ಮಾತುಗಳು. ಹಳೆಯ ಕೆಲಸಗಾರರ ಮನೆಮನೆಗೆ ಹೋಗಿ "ಇದಕ್ಕೆ ನಿಮ್ಮ ಶಾಪಿನಲ್ಲಿ, ನಿಮ್ಮ ವಿಭಾಗದಲ್ಲಿ ಏನಂತಿದ್ರಿ?" ಎಂದು ಕೇಳಿ, ಮರದ ಚೂರಿನ ಮೇಲೆ ಬರೆದುಕೊಂಡು ಬರುವುದು. ಮೊದಲು ಯಾರಿಂದಲೋ ಟೈಪು ಮಾಡಿಸಿ ಫ್ಲಾಪಿಯಲ್ಲಿ ಇಟ್ಟಿದ್ದರು. ಆ ಫ್ಲಾಪಿ ಒಂದು ದಿನ ತೆರೆಯಲೇ ಇಲ್ಲ. ಅದನ್ನು ಹಿಡಿದುಕೊಂಡು ಬಂದಾಗಲೇ ನನಗೆ ಅವರ ಪರಿಚಯವಾದದ್ದು. ಅಂತರ್ಜಾಲದಲ್ಲೇ ಪಟ್ಟಿ ಇಡಬಹುದು, ಇಲ್ಲಿ ಬರೆದದ್ದನ್ನು ಭದ್ರಾವತಿಯ ಯಾವ ಸೆಂಟರಿನಲ್ಲಾದರೂ ತೆರೆದು ನೋಡಬಹುದು ಎಂದೆ.

"ಪಟ್ಟಿ ಎಲ್ಲಿರುತ್ತೆ?"

"ನೆಟ್‌ನಲ್ಲಿ, ಸಾಹೇಬ್ರೆ."

"ನೆಟ್ ಎಲ್ಲಿರುತ್ತೆ?"

ನಾನು ಸೀಲಿಂಗಿನ ಕಡೆ ಕೈ ತೋರಿಸಿದೆ. ಅವರು ತಲೆಯೆತ್ತಿ ಫ್ಯಾನನ್ನು ನೋಡಿ ನಕ್ಕರು. "ನಿಮಗೂ ಗೊತ್ತಿಲ್ಲ. ಹೋಗ್ಲಿ, ಇಬ್ಬರೂ ಸೇರಿ ತಿಳ್ಕೊಳ್ಳೋಣ."

ಪಟ್ಟಿಯಲ್ಲಿ ಮೂರು ಕಾಲಂ ಮಾಡಿದೆವು: ಮಾತು, ಅರ್ಥ, ಯಾರು ಹೇಳಿದ್ದು. ಮೊದಲು ಹಾಕಿದ್ದು 'ಸುತ್ತಿಗೆ'. ಅದಕ್ಕೆ ತಮಿಳರು ಸುತ್ತಿಯಲ್ ಅನ್ನುತ್ತಾರೆ, ತೆಲುಗಿನವರು ಸುತ್ತಿ ಅನ್ನುತ್ತಾರೆ, ಅದರ ಜೊತೆಗೆ ತಲೆ ತಿನ್ನುವ ಮಾತಿಗೂ ತೆಲುಗಿನವರು ಸುತ್ತಿ ಅಂತಲೇ ಅನ್ನುತ್ತಾರೆ ಎಂದು ಸಾಹೇಬರು ಉತ್ಸಾಹದಿಂದ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಮುಗಿದ ಮೇಲೆ ನೋಡಿದರೆ ಪರದೆಯ ಮೇಲೆ 'ಸುತಿಗೆ' ಎಂದಿತ್ತು. ನಾನು ಅಳಿಸಿ ಮತ್ತೆ ಹೊಡೆದೆ. ಮತ್ತೆ ಸುತಿಗೆ.

ಸಾಹೇಬರು ಬಗ್ಗಿ ನೋಡಿ, "ಒತ್ತಕ್ಷರ ಇದೆ ಗಿರಿಜಮ್ಮ. ಕೆಳಗಿನ ಗೆರೆ ಅದನ್ನ ನುಂಗಿದೆ" ಎಂದರು. ನಿಜವಾಗಿತ್ತು. ಆ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ತಕ್ಕಷ್ಟೇ ಇತ್ತು. ನಮ್ಮ ಅಕ್ಷರದ ಕಾಲಿಗೆ ಅಲ್ಲಿ ಜಾಗವಿರಲಿಲ್ಲ.

"ಈ ಎತ್ತರ ಯಾರು ಇಟ್ಟಿದ್ದು?"

"ಅದು ಮೊದಲಿಂದ ಹಂಗೇ ಬರುತ್ತೆ."

"ಮೊದಲು ಅಂದ್ರೆ ಯಾರು ಮೊದಲು?"

ನನಗೆ ನಗು ಬಂತು. ಎಡಗಡೆಯಲ್ಲಿ ಸಾಲಿನ ಸಂಖ್ಯೆಗಳ ನಡುವಿನ ಗೆರೆಯ ಮೇಲೆ ಮೌಸ್ ಇಟ್ಟು ಕೆಳಕ್ಕೆ ಎಳೆದು ತೋರಿಸಿದೆ. ಸಾಲು ಹಿಗ್ಗಿತು, ತಕಾರದ ಒತ್ತು ಹೊರಗೆ ಬಂತು. ಸಾಹೇಬರಿಗೆ ಆದ ಸಂತೋಷ ಹೇಳತೀರದು. ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಗೆರೆಯನ್ನು ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ಎಳೆದರು. 'ಸುತಿಗೆ', 'ಸುತ್ತಿಗೆ', 'ಸುತಿಗೆ', 'ಸುತ್ತಿಗೆ'. ಸ್ಕೇಲು ಹೊರಗೆ ಬಂದದ್ದು ಆಗಲೇ.

ಆ ಸ್ಕೇಲಿನ ಬಗ್ಗೆ ನನಗೊಂದು ಅನುಮಾನವಿತ್ತು. ಒಂದು ಬುಧವಾರ ಅವರು ಚಹಾ ಕುಡಿಯಲು ಹೊರಗೆ ಹೋದಾಗ ನನ್ನ ಪ್ಲಾಸ್ಟಿಕ್ ಸ್ಕೇಲನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಹೊಂದಲಿಲ್ಲ. ಸಾಹೇಬರ ಹನ್ನೆರಡು ಅಂಗುಲ ನನ್ನದಕ್ಕಿಂತ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಉದ್ದ. ವಾಪಸು ಬಂದವರಿಗೆ ಸಂಕೋಚದಿಂದಲೇ ಹೇಳಿದೆ, "ನಿಮ್ಮ ಸ್ಕೇಲು ತಪ್ಪಿದೆ ಸಾಹೇಬ್ರೆ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವರಂತೆ ಕುರ್ಚಿ ಎಳೆದುಕೊಂಡು ಕೂತರು. "ತಪ್ಪಿಲ್ಲ. ಕಾದ ಕಬ್ಬಿಣ ಆರಿದ ಮೇಲೆ ಕುಗ್ಗುತ್ತೆ. ಒಂದಡಿ ಬೇಕು ಅಂತ ಒಂದಡೀನೇ ಮರ ಕಡೆದ್ರೆ ಕೊನೆಗೆ ಸಿಗೋದು ಒಂದಡಿಗೆ ಕಮ್ಮಿ. ಅದಕ್ಕೇ ಪ್ಯಾಟ್ರನ್ ಮಾಡೋರ ಸ್ಕೇಲು ಹುಟ್ಟುತ್ತಲೇ ಉದ್ದ." ಸ್ಕೇಲನ್ನು ಚೀಲಕ್ಕೆ ಹಾಕುತ್ತಾ, "ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಮ್ಮ ಮೇಸ್ತ್ರಿಗೆ ಇದೇ ಮಾತು ಹೇಳಿದ್ದೆ. ಅವರು ಎರಡು ದಿನ ನಕ್ಕಿದ್ರು" ಎಂದರು.

ಸಾಹೇಬರ ಪಟ್ಟಿ ಬೆಳೆಯಿತು. ಅವರಿಗೆ ಒಂದು ಮಾತಿಗೆ ಒಂದು ಅರ್ಥ ಬರೆದು ಕೈ ತೊಳೆದುಕೊಳ್ಳುವುದು ಗೊತ್ತಿರಲಿಲ್ಲ. ಯಾವ ಶಾಪಿನಲ್ಲಿ ಹೇಗೆ ಹೇಳುತ್ತಿದ್ದರು, ಹೇಳುವಾಗ ಕೈ ಹೇಗೆ ಆಡುತ್ತಿತ್ತು, ಆ ಮಾತು ಕೇಳಿ ಯಾರಿಗೆ ಸಿಟ್ಟು ಬರುತ್ತಿತ್ತು, ಎಲ್ಲವೂ ಅರ್ಥದ ಕಾಲಮಿನಲ್ಲೇ ಬರಬೇಕು. ಹೀಗಾಗಿ ಒಂದು ಸಾಲು ಎರಡು ಬೆರಳಗಲ, ಇನ್ನೊಂದು ಗೇಣುದ್ದ. ನೋಡಿದರೆ ಬಾಚದ ತಲೆಯ ಹಾಗೆ ಕಾಣುತ್ತಿತ್ತು. ಅಚ್ಚುಕಟ್ಟು ನನ್ನ ಕಾಯಿಲೆ. ಒಂದು ಮಂಗಳವಾರ ಅಂಗಡಿಗೆ ಯಾರೂ ಬರದೆ ಬೇಸರವಾಗಿತ್ತು. ಸಾಹೇಬರ ಪಟ್ಟಿ ತೆರೆದೆ. ಅದರ ಪಾಸ್ವರ್ಡು ನನ್ನ ಬಳಿಯೇ ಇತ್ತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಆರಿಸಿ, ಒತ್ತಕ್ಷರ ಕಾಣುವಷ್ಟು ಎತ್ತರಕ್ಕೆ ಎಲ್ಲವನ್ನೂ ಸಮ ಮಾಡಿಬಿಟ್ಟೆ. ಪಟ್ಟಿ ಇಸ್ತ್ರಿ ಮಾಡಿದ ಹಾಗಾಯಿತು. ಮೆಚ್ಚಿಕೊಳ್ಳುತ್ತಾರೆ ಎಂದು ಮಾರನೆಯ ದಿನ ಕಾದೆ.

ಆ ಬುಧವಾರ ಸಾಹೇಬರು ಪಟ್ಟಿಯ ಮಾತೇ ಎತ್ತಲಿಲ್ಲ. ಮುಖ ಬಾಡಿತ್ತು. ಚೀಲ ಕೆಳಗಿಟ್ಟು ಕೂತರು.

"ನಮ್ಮ ಬೀದಿಯ ಮುನಿಸ್ವಾಮಿ ಮನೆಯಲ್ಲಿ ದೊಡ್ಡ ಗಲಾಟೆ ಗಿರಿಜಮ್ಮ. ಅವನಿಗೆ ಲಕ್ವ ಹೊಡೆದು ಮೂರು ವಾರ ಆಯ್ತು. ಆಸ್ಪತ್ರೆಯಿಂದ ಮನೆಗೆ ತಂದಿದ್ದಾರೆ. ಮಾತೆಲ್ಲ ಹೋಗಿದೆ, ಒಂದೇ ಒಂದು ಉಳಿದಿದೆ. ಯಾರೋ ಹೆಂಗಸಿನ ಹೆಸರು."

"ಹೆಂಡತಿ ಹೆಸರಾ?"

"ಹೆಂಡತಿ ಹೆಸರಾಗಿದ್ರೆ ಗಲಾಟೆ ಯಾಕೆ? ಹೆಂಡತಿ ಕನಕಮ್ಮ. ಇವನು ಕರೆಯೋದು ಆರ್ಯಾ ಅಂತ. ಹಗಲೆಲ್ಲ ಆರ್ಯಾ, ಆರ್ಯಾ. ಕನಕಮ್ಮ ಅತ್ತು ಅತ್ತು ಸಾಕಾಗಿ, ಈಗ ಅವನ ಕೋಣೆಗೇ ಕಾಲಿಡ್ತಿಲ್ಲ. ಮಗನೇ ಗಂಜಿ ಕುಡಿಸ್ತಾನೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು, ನಿನ್ನೆ ನನ್ನ ಹೆಂಡತಿ ಹತ್ರ ಬಂದು ಕೇಳಿದ್ಲಂತೆ, ಕಾರ್ಖಾನೆಯಲ್ಲಿ ಆ ಹೆಸರಿನವಳು ಯಾರಾದ್ರೂ ಇದ್ಲಾ, ಸಾಹೇಬ್ರನ್ನ ಕೇಳು ಅಂತ."

"ನೀವು ನೋಡಿ ಬಂದ್ರಾ ಅವರನ್ನ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಹೋದ್ರೆ ನನ್ನನ್ನೇ ಕೇಳ್ತಾಳೆ."

ಆರ್ಯಾ. ಆ ಮಾತನ್ನು ನಾನು ಎಲ್ಲೋ ನೋಡಿದ್ದೆ. ನಿನ್ನೆ ತಾನೇ ಸಾಲುಗಳನ್ನು ಸಮ ಮಾಡುವಾಗ ಕಣ್ಣ ಮುಂದೆ ಹಾದುಹೋಗಿತ್ತು. ಪಟ್ಟಿ ತೆರೆದು 'ಆ' ಅಕ್ಷರದ ಮಾತುಗಳ ಕಡೆಗೆ ಹೋದೆ. 'ಆರಿಯಾ', ಅದರ ಮುಂದೆ 'ಕ್ರೇನಿನವನಿಗೆ ಕೂಗಿ ಹೇಳುವ ಮಾತು' ಎಂಬ ಒಂದೇ ಗೆರೆ. ಅಲ್ಲಿಗೆ ಸಾಲು ಮುಗಿದಿತ್ತು.

"ಇದರ ಕೆಳಗೆ ಇನ್ನೂ ಇತ್ತು" ಎಂದು ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ನಾನು ಇನ್ನೂ ಬರೆಸಿದ್ದೆ. ಎಲ್ಲಿ ಹೋಯ್ತು?"

ಸಾಲು ಸಮ ಮಾಡಿದ್ದು ನೆನಪಾಗಿ ಗೆರೆ ಹಿಡಿದು ಕೆಳಕ್ಕೆ ಎಳೆದೆ. ಒಂದೊಂದೇ ಸಾಲು ಹೊರಗೆ ಬಂತು: 'ಇಳಿಸು, ಕೆಳಗೆ ಬಿಡು ಎಂದು ಅರ್ಥ. ಮೇಲಕ್ಕೆ ಎತ್ತಬೇಕಾದರೆ ಹಾಪೀಸ್ ಎನ್ನುವುದು. ಆರಿಯಾ ಎನ್ನುವಾಗ ತೋರುಬೆರಳನ್ನು ನೆಲದ ಕಡೆ ಮಾಡಿ ಆಡಿಸಬೇಕು. ಗದ್ದಲದಲ್ಲಿ ಮಾತು ಕೇಳದಿದ್ದರೂ ಮೇಲೆ ಕೂತವನಿಗೆ ಬೆರಳು ಕಾಣುತ್ತದೆ.' ಯಾರು ಹೇಳಿದ್ದು ಎಂಬ ಕಾಲಮಿನಲ್ಲಿ 'ಮುನಿಸ್ವಾಮಿ, ಖಲಾಸಿ' ಎಂದಿತ್ತು. ಕ್ರೇನಿಗೆ ಭಾರ ಕಟ್ಟಿ ಎತ್ತಿಸುವವನು, ಇಳಿಸುವವನು ಖಲಾಸಿ.

ಸಾಹೇಬರು ಹಣೆಗೆ ಹೊಡೆದುಕೊಂಡರು. "ಯಾ ಅಲ್ಲಾ! ಅವನೇ ಹೇಳಿದ್ದು. ಅವನ ಮನೆ ಜಗಲಿ ಮೇಲೆ ಕೂತು ನಾನೇ ಬರ್ಕೊಂಡಿದ್ದೆ. ಕನಕಮ್ಮ ಹೆಸರು ಅಂದ್ಲು, ನಾನೂ ಹೆಸರು ಅಂತಲೇ ಕೇಳಿಸ್ಕೊಂಡೆ." ನನ್ನ ಕಡೆ ತಿರುಗಿದರು. "ಅವನು ಬೆರಳು ಕೆಳಗೆ ತೋರಿಸ್ತಾನಂತೆ ಗಿರಿಜಮ್ಮ. ಕನಕಮ್ಮ ಏನು ತಿಳ್ಕೊಂಡಿದಾಳೆ ಗೊತ್ತಾ? ನನ್ನ ಕಾಲಿಗೆ ಬೀಳು ಅಂತಾನೆ ಅಂತ!"

ಸಾಲು ಸಮ ಮಾಡಿದ್ದು ನಾನೇ ಎಂದು ಆಗ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಅಂಗಡಿ ಬಾಗಿಲು ಹಾಕ್ತೀರಾ? ನೀವೂ ಬನ್ನಿ. ಹೆಂಗಸರು ಹೇಳಿದ್ರೆ ಕನಕಮ್ಮ ನಂಬ್ತಾಳೆ" ಎಂದರು. ಆ ಪುಟವನ್ನು ಪ್ರಿಂಟು ಹಾಕಿ ಮಡಚಿಕೊಂಡು ಇಬ್ಬರೂ ಭದ್ರಾವತಿಯ ಬಸ್ ಹತ್ತಿದೆವು. ಬಸ್ಸು ಮಲವಗೊಪ್ಪ ದಾಟಿತು. ಆಮೇಲೆ ಸಾಹೇಬರು ತಮ್ಮಷ್ಟಕ್ಕೆ ಎಂಬಂತೆ, "ಅವನಿಗೆ ಏನು ಇಳಿಸಬೇಕಿದೆ?" ಎಂದರು. ಅದು ನನಗೂ ಹೊಳೆದಿರಲಿಲ್ಲ.

ಮುನಿಸ್ವಾಮಿಯವರ ಮನೆಯೊಳಗೆ ಕಾಲಿಟ್ಟ ಕೂಡಲೇ ಉತ್ತರ ಕಾಣಿಸಿತು. ರೋಗಿಯನ್ನು ನೋಡಿಕೊಳ್ಳುವವರಿಗೆ ಬಗ್ಗುವುದು ಕಷ್ಟ ಎಂದು ಮಂಚದ ನಾಲ್ಕು ಕಾಲಿಗೂ ಇಟ್ಟಿಗೆಗಳನ್ನು ಪೇರಿಸಿ ಸೊಂಟದೆತ್ತರಕ್ಕೆ ಏರಿಸಿದ್ದರು. ಅಷ್ಟೆತ್ತರದಲ್ಲಿ, ಒಂದು ಕಡೆಯ ಕೈಕಾಲು ಸ್ವಾಧೀನವಿಲ್ಲದ ಆ ದೊಡ್ಡ ಆಳು ಮಂಚದ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಲಗಿದ್ದರು. ನಮ್ಮನ್ನು ಕಂಡು ಕೈ ಬಿಟ್ಟು, ಬೆರಳನ್ನು ನೆಲದ ಕಡೆ ಆಡಿಸಿದರು. "ಆಯ್ಯಾ... ಆರ್ಯಾ..."

"ಇವನು ಹುಟ್ಟಿದಾಗಿಂದ ಮಲಗಿದ್ದು ಎಲ್ಲಿ?" ಎಂದು ಸಾಹೇಬರು ಮಗನನ್ನು ಕೇಳಿದರು.

"ನೆಲದ ಮೇಲೆ ಮಾಮ. ಮಂಚ ಅಂದ್ರೆ ಅಪ್ಪಂಗೆ ಆಗಲ್ಲ."

ಹಿತ್ತಲ ಬಾಗಿಲಲ್ಲಿ ಕನಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಹೋಗಿ ಪ್ರಿಂಟು ಬಿಚ್ಚಿ ಓದಿ ಹೇಳಿದೆ. ಕೊನೆಯ ಕಾಲಮಿನಲ್ಲಿ ಗಂಡನ ಹೆಸರಿರುವುದನ್ನು ಬೆರಳಿಟ್ಟು ತೋರಿಸಿದೆ. ಆಕೆ ನಂಬಲಿಲ್ಲ, ನಂಬದೆಯೂ ಇರಲಿಲ್ಲ; ನನ್ನ ಮುಖವನ್ನೇ ನೋಡುತ್ತಾ ನಿಂತರು.

ಒಳಗೆ ಸಾಹೇಬರು ನೆಲದ ಮೇಲೆ ಹಾಸಿಗೆ ಹಾಕಿಸಿದ್ದರು. ಮಗ, ಸಾಹೇಬರು, ಪಕ್ಕದ ಮನೆಯ ಇಬ್ಬರು ಸೇರಿ ಜಮಖಾನದ ಸಮೇತ ಮುನಿಸ್ವಾಮಿಯವರನ್ನು ಎತ್ತಿಕೊಂಡರು. ಇಳಿಸುತ್ತಿದ್ದ ಹಾಗೆ ಅವರ ಬೆರಳು ಆಡಿತು. "ಆರಿಯಾ... ಆರಿಯಾ..." ಈ ಸಲ ಅದು ಗೋಗರೆದ ಹಾಗಿರಲಿಲ್ಲ, ಕೆಲಸ ಮಾಡಿಸುವವನ ದನಿ. ಒಂದು ಕಡೆ ಸ್ವಲ್ಪ ವಾಲಿತು ಎಂದು ಕಂಡಾಗ ಕಣ್ಣಿನಲ್ಲೇ ಗದರಿದರು. ಬೆನ್ನು ನೆಲಕ್ಕೆ ತಾಗಿದ್ದೇ ಅಂಗೈ ಬಿಡಿಸಿ 'ನಿಲ್ಲಿಸು' ಎಂದು ತೋರಿಸಿ, ಉದ್ದನೆಯ ಉಸಿರು ಬಿಟ್ಟು ಸುಮ್ಮನಾದರು.

ಕನಕಮ್ಮ ನನ್ನನ್ನು ದಾಟಿ ಒಳಗೆ ಬಂದು ಗಂಡನ ಪಕ್ಕದಲ್ಲಿ ಕುಕ್ಕರಿಸಿದರು. "ಅಡ ಕಡವುಳೇ, ದೇವ್ರೇ, ಇಷ್ಟೇನಾ? ಇದಕ್ಕಾ ನೀನು ಇಷ್ಟು ದಿನ ಬಡ್ಕೊಂಡಿದ್ದು? ನಾನು ಅವಳ ಮನೆ ಹಾಳಾಗ ಅಂತ ದಿನಾ ಶಾಪ ಹಾಕ್ತಿದ್ನಲ್ಲಪ್ಪ!" ಎಂದು ನಗುತ್ತಾ ಅಳುತ್ತಾ ಅವರ ಎದೆ ತಟ್ಟಿದರು. ಸಾಹೇಬರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮುಂದೆ ಬಂದು, ಮೆಲ್ಲಗೆ ಕೇಳಿದರು: "ಮುನಿಸ್ವಾಮಿ, ಹಾಪೀಸ್?" ಮುನಿಸ್ವಾಮಿಯವರ ತೋರುಬೆರಳು ಮೇಲಕ್ಕೆ ಎದ್ದು ಗಾಳಿಯಲ್ಲಿ ಒಂದು ಸುತ್ತು ಸುತ್ತಿತು.

ಮುಂದಿನ ಬುಧವಾರ ನಾವಿಬ್ಬರೂ ಕೂತು ಕನಕಮ್ಮನ ಮನೆಗೆಂದೇ ಬೇರೆ ಹಾಳೆ ಮಾಡಿದೆವು. ಎಂಟೇ ಮಾತು, ಎಂಟೇ ಸಾಲು. ಒಂದೊಂದು ಸಾಲನ್ನೂ ಒಂದೊಂದು ಅಂಗುಲ ಎತ್ತರಕ್ಕೆ ಎಳೆಯಿರಿ ಎಂದರು ಸಾಹೇಬರು. ಪರದೆಯ ಮೇಲಿನ ಅಳತೆ ಕಾಗದಕ್ಕೆ ಬರುವಾಗ ಯಾಕೆ ಬದಲಾಗುತ್ತದೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡು ನಾಲ್ಕು ಹಾಳೆ ಹಾಳುಮಾಡಿದೆವು. ಐದನೆಯದರಲ್ಲಿ ಸರಿಯಾಗಿ ಬಂತು. ಖಾಲಿ ಬಿಟ್ಟ ಜಾಗದಲ್ಲಿ ಅವರು ತಮ್ಮ ಚಪ್ಪಟೆ ಪೆನ್ಸಿಲಿನಿಂದ ಎಂಟು ಕೈಗಳನ್ನು ಬರೆದರು: ಏಳಿಸಬೇಕಾದರೆ ಹೀಗೆ, ಮಲಗಿಸಬೇಕಾದರೆ ಹೀಗೆ, ಎಡಕ್ಕೆ, ಬಲಕ್ಕೆ, ಸಾಕು. ಕನಕಮ್ಮ ಅದನ್ನು ಗೋಡೆಗೆ ಅಂಟಿಸಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಮುನಿಸ್ವಾಮಿಯವರು ಒಂದೊಂದಾಗಿ ಬೇರೆ ಮಾತುಗಳನ್ನೂ ಆಡಲು ಶುರುಮಾಡಿದರು. ಎರಡನೆಯದು 'ಕನಕ' ಎಂದು ಸಾಹೇಬರು ಹೇಳಿದರು. ಸಂತೋಷಕ್ಕೆ ಹಾಗೆ ಹೇಳಿದರೋ ಏನೋ, ನಾನು ವಿಚಾರಿಸಲು ಹೋಗಲಿಲ್ಲ.

ಮರುವರ್ಷ ಸಾಹೇಬರ ಬುಧವಾರಗಳು ತಪ್ಪತೊಡಗಿದವು. ಕಿಡ್ನಿಯ ತೊಂದರೆ ಎಂದು ಗೊತ್ತಾಗಿ ಒಂದು ಭಾನುವಾರ ನಾನೇ ಭದ್ರಾವತಿಗೆ ಹೋದೆ. ಕಾಲು ಬಾತು, ಮೈ ಇಳಿದುಹೋಗಿ, ಎರಡು ದಿಂಬಿಗೆ ಒರಗಿ ಕೂತಿದ್ದರು. ಅವರ ಹೆಂಡತಿ ಜೈತುನ್‌ಬಿ ನನಗೆ ಚಹಾ ತಂದಿಟ್ಟು ಬಾಗಿಲ ಬಳಿ ಕೂತರು.

"ಎಲ್ಲರ ಕೆಲಸದ ಮಾತೂ ಕೇಳಿದೆ, ನಿಮ್ಮದೇ ಕೇಳ್ಲಿಲ್ಲ ನೋಡಿ" ಎಂದರು ಸಾಹೇಬರು. "ನಿಮ್ಮ ಕಂಪ್ಯೂಟರ್ ಕೆಲಸದಲ್ಲಿ ಏನೇನಂತೀರಿ? ಹೇಳಿ."

ನನ್ನ ಕೆಲಸಕ್ಕೂ ಮಾತುಗಳಿವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಕಂಪ್ಯೂಟರು ನಡುವೆ ನಿಂತುಹೋದರೆ ಹ್ಯಾಂಗ್ ಆಯ್ತು ಅಂತೀವಿ ಎಂದೆ. ಅದಕ್ಕೆ ಅವರು, ಎರಡು ಕಡೆಯ ಕೆಲಸ ಒಟ್ಟಿಗೆ ಹೇಳಿದರೆ ನಾನೂ ಹಾಗೇ ಆಗ್ತಿದ್ದೆ ಎಂದು ನಕ್ಕರು. ಬೆಳಿಗ್ಗೆ ಮಷೀನು ಹಾಕಿದ ಮೇಲೆ ಬೂಟ್ ಆಗೋಕೆ ಬಿಡಬೇಕು ಅಂತೀವಿ ಎಂದೆ.

"ಬೂಟ್ ಅಂದ್ರೆ ಕಾಲಿಗೆ ಹಾಕೋದಲ್ವಾ?"

"ಹೌದು. ಆದ್ರೆ ಇದು ಕಂಪ್ಯೂಟರ್ ಎಚ್ಚರ ಆಗೋದು."

"ಎಚ್ಚರ ಆಗೋದಕ್ಕೂ ಬೂಟಿಗೂ ಏನು ಸಂಬಂಧ?"

ನನಗೆ ಗೊತ್ತಿರಲಿಲ್ಲ. ದಿನಕ್ಕೆ ಹದಿನೈದು ಸಲ ಆಡುವ ಮಾತು. ತಿಳ್ಕೊಂಡು ಹೇಳ್ತೀನಿ ಸಾಹೇಬ್ರೆ ಎಂದೆ. "ಮರೀಬೇಡಿ ಮತ್ತೆ. ನಾನು ಕಾಯ್ತಿರ್ತೀನಿ" ಎಂದರು.

ಗುರುವಾರ ಬೆಳಿಗ್ಗೆ ಉತ್ತರ ಸಿಕ್ಕಿತು. ನಡುವೆ ಏನೇನೋ ಓದಿ, ಅಲ್ಲಿ ಇಲ್ಲಿ ಹುಡುಕಿ ಕೊನೆಗೆ ತಿಳಿದಾಗ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆಗಲೇ ಫೋನು ಮಾಡಬಹುದಿತ್ತು. ಎದುರಿಗೆ ಕೂತು ಹೇಳಿದರೆ ಅವರ ಮುಖ ಅರಳುವುದನ್ನು ನೋಡಬಹುದಲ್ಲ ಎಂಬ ಆಸೆಗೆ, ಭಾನುವಾರ ಹೇಗೂ ಹೋಗುತ್ತೇನೆ ಎಂದು ಸುಮ್ಮನಾದೆ.

ಭಾನುವಾರ ಅವರ ಮನೆಯ ಮುಂದೆ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಸಾಹೇಬರು ಶುಕ್ರವಾರ ಬೆಳಗಿನ ನಮಾಜಿನ ಹೊತ್ತಿಗೆ ತೀರಿಹೋದರಂತೆ. ಒಳಗೆ ಹೆಂಗಸರ ನಡುವೆ ಜೈತುನ್‌ಬಿ ಕೂತಿದ್ದರು. ನನ್ನನ್ನು ಕಂಡು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.

"ಏನೋ ತಿಳ್ಕೊಂಡು ಹೇಳ್ತೀನಿ ಅಂದಿದ್ರಂತಲ್ಲಮ್ಮ. ಗುರುವಾರ ಸಾಯಂಕಾಲದ ತನಕ ಕೇಳ್ತಾನೇ ಇದ್ರು, ಗಿರಿಜಮ್ಮ ಫೋನ್ ಮಾಡಿದ್ರಾ ಅಂತ. ಸಿಕ್ತಾ ಅದು?"

"ಸಿಕ್ತು. ಗುರುವಾರ ಬೆಳಿಗ್ಗೆನೇ ಸಿಕ್ತು" ಎಂದೆ. ಸುಳ್ಳು ಹೇಳಲಾಗಲಿಲ್ಲ.

ಅವರು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, "ಏನಂತೆ? ನನಗೆ ಹೇಳಿ" ಎಂದರು.

ಹೇಳಿದೆ. ಹಳ್ಳದಲ್ಲಿ ಬಿದ್ದವನೊಬ್ಬ ಬೇರೆ ಯಾರೂ ಇಲ್ಲದೆ, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆ ಎತ್ತಿಕೊಂಡ ಹಾಗೆ. ಕಂಪ್ಯೂಟರನ್ನೂ ಎಬ್ಬಿಸಲು ಒಳಗೆ ಬೇರೆ ಯಾರೂ ಇಲ್ಲ, ಅದು ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕು. ಅದಕ್ಕೇ ಬೂಟ್.

ಜೈತುನ್‌ಬಿ ಕೇಳಿದರು: "ಹಂಗೆ ಎದ್ದೇಳೋಕೆ ಯಾರಿಗಾದ್ರೂ ಆಗುತ್ತಾ?"

"ಆಗಲ್ಲ. ತಮಾಷೆಗೆ ಇಟ್ಟ ಹೆಸರಂತೆ."

ಅವರ ಮುಖದಲ್ಲಿ ಒಂದು ನಗೆ ಬಂದು, ಅರ್ಧಕ್ಕೇ ತಡೆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ಸರಿದು ಕೂತರು.

"ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ. ನನಗೆ ನೆನಪಿರ್ಬೇಕು."

ನಾನು ಮೊದಲಿನಿಂದ ಹೇಳಿದೆ.